ರೀಲಿನ ಇಪ್ಪತ್ತೆರಡನೇ ಉಪಯೋಗ

ಸಂಶೋಧನೆಯ ಮೇಡಂ ಅವರಿಗೆ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಕ್ಷಮಿಸಿ. ಓದಿದ್ದು ನಾಲ್ಕನೇ ತರಗತಿ.

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ನೀವು ಖಾಲಿ ದಾರದ ರೀಲಿನ ಉಪಯೋಗಗಳನ್ನು ಬರೆಸಿದಿರಲ್ಲ, ಆಗ ಪಕ್ಕದಲ್ಲಿದ್ದ ಅಣ್ಣ, "ನಂಗೇನೂ ಹೊಳೀತಿಲ್ಲ ಕಣೇ, ನಂದೂ ನೀನೇ ಬರ್ದುಬಿಡೇ" ಅಂದ. ಅವನ ಹಾಳೆಯಲ್ಲಿ ಇಪ್ಪತ್ತೊಂದು ಬರೆದೆ. ನನ್ನದರಲ್ಲಿ ಅವುಗಳಲ್ಲೇ ಎರಡು ಬರೆಯುವಷ್ಟರಲ್ಲಿ ಸಮಯ ಮುಗಿಯಿತು. ನಮ್ಮ ಸಾಲಿನ ಇನ್ನೂ ಆರು ಹೆಂಗಸರು ಗಂಡನಿಗೋ ತಮ್ಮನಿಗೋ ಹೀಗೇ ಬರೆದುಕೊಟ್ಟಿದ್ದಾರಂತೆ.

ನಿನ್ನೆ ಮಾಲೀಕರು ನಿಮ್ಮ ವರದಿ ಹಿಡಿದು, "ನೋಡಿದ್ರೇನಮ್ಮಾ, ಹೊಸದು ಹೊಳೆಯೋದು ಗಂಡಸ್ರಿಗೇ! ಡಿಸೈನ್ ಕೋಣೆಗೆ ಅವ್ರೇ ಸಾಕು" ಎಂದು ನಕ್ಕರು. ಸೋಮವಾರ ಅಣ್ಣ ಅಲ್ಲಿಗೆ ಹೋಗುತ್ತಾನೆ.

ಅದಕ್ಕೆ ಮೊದಲು ಇನ್ನೊಮ್ಮೆ ಬರೆಸಿ, ಹೆಂಗಸರನ್ನು ಬೇರೆಯಾಗಿ ಕೂರಿಸಿ. ನಾನು ಹೇಳಿದೆನೆಂದು ಮಾತ್ರ ಹೇಳಬೇಡಿ. ನಾನಿರುವುದು ಅಣ್ಣನ ಮನೆಯಲ್ಲಿ.

ಇಂದು ಬೆಳಿಗ್ಗೆ ಅಡುಗೆಮನೆ ಬಾಗಿಲಿನ ಹಿಡಿ ಕಿತ್ತುಬಂತು. ಖಾಲಿ ರೀಲು ಕೂರಿಸಿದೆ. ಇದು ಇಪ್ಪತ್ತೆರಡನೆಯದು.

ಇಂತಿ,
ಕಿಟಕಿ ಪಕ್ಕದ ಮೆಷಿನ್ನಿನವಳು