ಎಣ್ಣೆ ಕ್ಯಾನಲ್ಲಿಟ್ಟ ಮೀನು

ಅಣ್ಣಾ,

ನಿನ್ನೆಯಿಂದ ಅಷ್ಟೊಂದು ಮೆಸೇಜ್ ಹಾಕಿದೀನಿ, ಒಂದನ್ನೂ ತೆಗೆದು ನೋಡಿಲ್ಲ ನೀನು. ಅದಕ್ಕೇ ಪೆನ್ನು ಹುಡುಕಿ ಬರೀತಾ ಇದೀನಿ. ಅಕ್ಷರ ನೋಡಿ ನಗಬೇಡ. ಇಲ್ಲ, ನಕ್ಕುಬುಡು, ಪರ್ವಾಗಿಲ್ಲ.

ತುರುವೇಕೆರೆಯಿಂದ ಬಸ್ಸಲ್ಲಿ ನೀನು ತೊಡೆ ಮೇಲಿಟ್ಕೊಂಡು ತಂದಿದ್ದೆ ಕಪ್ಪುದು, ಬಿಳೀದು ಎರಡೂ ಮೀನನ್ನ. ಹೊಸ ಮೀನಿಗೆ ರೋಗ ಇದ್ರೆ ಹಳೇವಕ್ಕೂ ಅಂಟುತ್ತೆ, ಎರಡು ವಾರ ಬೇರೆ ನೀರಲ್ಲಿಡು ಅಂತ ನಂಗೆ ಹೇಳ್ದೆ ನೀನು. ನಾನು ಬೇರೆ ನೀರಲ್ಲೇನೋ ಇಟ್ಟೆ. ಆದ್ರೆ ಗಾಣದಿಂದ ಕೊಬ್ರಿ ಎಣ್ಣೆ ತರ್ತೀವಲ್ಲ, ಆ ಕ್ಯಾನ್ ಕುಯ್ದು ಅದ್ರಲ್ಲಿ ಬಿಟ್ಟುಬುಟ್ಟೆ. ಸೋಪ್ ಮೀನಿಗೆ ಆಗಲ್ಲ ಅಂತ ಬರೀ ನೀರಲ್ಲೇ ಚೆನ್ನಾಗಿ ತೊಳೆದಿದ್ದೆ ಕಣಣ್ಣ. ನೀರ್ ಮೇಲೆ ಮಿರಮಿರ ಅಂತಿದ್ದಿದ್ದು ಎಣ್ಣೆ ಅಂತ ಹೊಳೀಲೇ ಇಲ್ಲ, ಸ್ಟೇಟಸ್ ಬೇರೆ ಹಾಕ್ದೆ. ಎರಡೂ ಮೇಲೆ ಬಂದು ಬಾಯಿ ಬಿಡ್ತಿದ್ವು. ಎಣ್ಣೆ ಪದರದಿಂದ ಗಾಳಿ ಸಿಗದೆ ಉಸಿರಿಗೆ ಒದ್ದಾಡ್ತಿದ್ವಂತೆ, ನಾನು ಹಸಿವು ಅಂದ್ಕೊಂಡು ಇನ್ನಷ್ಟು ಕಾಳು ಹಾಕ್ದೆ. ಕಪ್ಪುದು ಹೋಯ್ತು.

ಬಿಳೀದು ಈಗ ಹಿತ್ಲು ಬಾಗ್ಲ ಹತ್ರ ನೀಲಿ ಟಬ್ಬಲ್ಲಿದೆ. ಗಾಳಿ ಮೋಟ್ರು ಆಫ್ ಮಾಡ್ಬೇಡ. ಕರೆಂಟ್ ಹೋದ್ರೆ ಚೆಂಬಲ್ಲಿ ನೀರು ಎತ್ತೆತ್ತಿ ಹುಯ್ಯಿ. ತಲೆಗೆ ಎಣ್ಣೆ ಹಚ್ಚಿದ ಕೈನ ಅದ್ರೊಳಗೆ ಅದ್ದಬೇಡ ಅಂತ ಅಮ್ಮಂಗೂ ಹೇಳು. ಒಂಟಿಯಾಗಿದೆ, ಪಾಪ, ಅಂತ ಹಳೇ ಮೀನಿರೋ ದೊಡ್ಡ ಟ್ಯಾಂಕಿಗೆ ಬಿಟ್ಟೀಯ, ಹುಷಾರು, ಎರಡು ವಾರ ಇನ್ನೂ ಆಗಿಲ್ಲ.

ಕಪ್ಪುದನ್ನ ಹೊಸ ತೆಂಗಿನ ಸಸಿ ಪಕ್ಕ ಹೂತಿದೀನಿ. ಅಲ್ಲಿ ತುಳೀಬೇಡ.

ತಿಪಟೂರು ಬಸ್ಸಿಗೆ ಟೈಮಾಯ್ತು, ಇವತ್ತು ಟೆಸ್ಟ್ ಇದೆ. ಸಂಜೆ ಬತ್ತೀನಿ. ಎಷ್ಟು ಬೇಕಾದ್ರೂ ಬಯ್ಯಿ, ಊರಿಗೇ ಕೇಳಂಗೆ ಬಯ್ಯಿ. ಸುಮ್ನೆ ಮಾತ್ರ ಇರ್ಬೇಡ ಅಣ್ಣ.

ಸಿಂಚು