ಕಾಕಾ ತುಂಬಿದ ಅಮೆರಿಕದ ರಿಟರ್ನು

೮ ಜುಲೈ, ಗಡಹಿಂಗ್ಲಜ

ಮತ್ತೆ ಕರೆಂಟ್ ಇಲ್ಲ. ಮೊಬೈಲಿನಲ್ಲೇ ಮೇಲ್ ನೋಡಿದೆ. ಅಮೆರಿಕದಿಂದ, ನಮ್ಮ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿನದು. ನನ್ನ ಅನುಮಾನ ನಿಜ. ಟ್ಯಾಕ್ಸ್ ರಿಟರ್ನ್ ತಪ್ಪು. 'ರೆಸಿಡೆಂಟ್' ಎಂದು ಹಾಕಿದ್ದೇನೆ... ಸ್ಟೂಡೆಂಟ್ ವೀಸಾದವರು ಮೊದಲ ಐದು ವರ್ಷ ಹಾಗೆ ಹಾಕುವಂತಿಲ್ಲ. ತಿದ್ದಿ ಕಳಿಸಬೇಕು.

ಹಾಕಿದ್ದೇನೆ ಎಂದರೆ ಹಾಕಿದ್ದು ಕಾಕಾ. ಭೀಮಗೊಂಡ ಕಾಕಾ, ಅಪ್ಪನ ತಮ್ಮ, ಇಚಲಕರಂಜಿಯ ಟ್ಯಾಕ್ಸ್ ಸಲಹೆಗಾರ. ನಮ್ಮ ಮನೆಯವರ ರಿಟರ್ನ್ ಬೇರೆ ಯಾರ ಕೈಗೂ ಹೋಗಿಲ್ಲ. ರಜೆಗೆ ಬರುವ ಮುಂಚೆ ನಾನು ಅಲ್ಲಿಂದ ಕಾಗದಪತ್ರ ಕಳಿಸಿದ್ದೆ. ಕಾಕಾ ಇಲ್ಲಿ ತುಂಬಿ, ಪ್ರಿಂಟಿಗೆ ವಿಭೂತಿ ಹಚ್ಚಿ ಫೋಟೊ ಕಳಿಸಿದರು. ಓದದೆ ಒಪ್ಪಿಗೆ ಕೊಟ್ಟೆ. ಶ್ಯಾಣೆ, ಜಾಣೆ ಅಂದರೆ ನಾನೇ!

ಅವ್ವ ಅಂದಳು, "ಕಾಕಾಗ ತಪ್ಪು ಅನ್ನಾಕ ಹೋಗಬ್ಯಾಡ. ಮನಸಿಗೆ ಹಚ್ಕೋತಾರ."

ಹಚ್ಚಿಕೊಳ್ಳಲಿ. ನಾಳೆಯೇ ಹೋಗುತ್ತೇನೆ.

೯ ಜುಲೈ, ಇಚಲಕರಂಜಿ

ಕಾಕಾನ ಆಫೀಸಿನ ಕೆಳಗೇ ಮಗ್ಗದ ಶೆಡ್ಡು. ಕೂಗದೆ ಮಾತಿಲ್ಲ. ಇವತ್ತು ನನಗೆ ಅದು ಅನುಕೂಲವೇ ಆಯಿತು.

"ಅಮೆರಿಕದಾಗ ಆರ ತಿಂಗಳಕಿಂತ ಜಾಸ್ತಿ ಇದ್ದಿಯಿಲ್ಲ?"

"ಇದ್ದೆ."

"ಮುಗೀತು. ರೆಸಿಡೆಂಟ್."

"ಅದು ನಮ್ಮ ದೇಶದ ರೂಲ್ ರೀ ಕಾಕಾ! ಅಲ್ಲಿ ಸ್ಟೂಡೆಂಟ್‌ಗೆ ದಿನಾ ಎಣಸೂದ ಇಲ್ಲ!"

ಮೇಲ್ ತೋರಿಸಿದೆ. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಕಾಯುತ್ತಿದ್ದ ಪಾರ್ಟಿಗೆ "ಉದ್ಯಾ ಯಾ" ಎಂದು ನಾಳೆ ಬರಲು ಹೇಳಿ ಕಳಿಸಿಬಿಟ್ಟರು. ಆಮೇಲೆ ಸಿಟ್ಟು ಬಂತು.

"ಜಯಸಿಂಗಪುರದ ಅಭಯಂದೂ ಹಂಗ ತುಂಬೇನಿ. ಅವಂಗೇನಾತು? ಏನೂ ಆಗಿಲ್ಲ!"

ಅಭಯ ನನ್ನ ಕ್ಲಾಸಿನವನು. ಅವನನ್ನು ಕಾಕಾನ ಹತ್ತಿರ ಕಳಿಸಿದ್ದೇ ನಾನು. ಇನ್ನೂ ಅಮೆರಿಕದಲ್ಲೇ ಇದ್ದಾನೆ, ಮುಂದಿನ ತಿಂಗಳು ವೀಸಾ ಬದಲಿಸಲು ಅರ್ಜಿ ಹಾಕುತ್ತಾನೆ. ಹಳೆಯ ರಿಟರ್ನ್ ತೋರಿಸು ಅಂದು, ಈ ತಪ್ಪು ಕಣ್ಣಿಗೆ ಬಿದ್ದರೆ?

"ಅವಂಗ ಈಗ ಫೋನ್ ಮಾಡ್ರಿ."

"ನಿಂದು ತಿದ್ದೂಣು. ಅವಂಗ ಹೇಳಬ್ಯಾಡ. ಅವರಪ್ಪ ಊರ ತುಂಬ ಡಂಗುರಾ ಹೊಡೀತಾನ. ನನ್ನ ಬೋರ್ಡ ನೋಡಿ ಯಾರ ಬರ್ತಾರ ಆಮ್ಯಾಲೆ?"

"ಆಯ್ತವಾರ ತನಕಾ ನೀವ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೇನಿ."

"ಎತ್ತಿ ಆಡಿಸೇನಿ ನಿನ್ನ..."

"ಅದಕ್ಕ ಆಯ್ತವಾರ ತನಕಾ ಬಿಟ್ಟೇನಿ."

ಬಸ್ಸಿನಲ್ಲಿ ಅಳು ಬಂತು. ವೀಸಾ ಇಂಟರ್‌ವ್ಯೂಗೆ ಮುಂಬೈವರೆಗೆ ಬಂದು, ಗೇಟಿನ ಹೊರಗೆ ಬಿಸಿಲಲ್ಲಿ ನಿಂತವರು ಕಾಕಾ. ಆದರೂ.

೧೦ ಜುಲೈ, ಗಡಹಿಂಗ್ಲಜ

ತಿದ್ದುಪಡಿ ಫಾರ್ಮು ನಾನೇ ತುಂಬಿದೆ. ಪ್ರತಿ ಸಾಲೂ ಓದಿ. ನನಗೆ ಸಲ್ಲದ ರಿಯಾಯಿತಿ ತೆಗೆದುಕೊಂಡಿದ್ದೇವೆ, ಆ ದುಡ್ಡು ವಾಪಸ್ಸು ಕಟ್ಟಬೇಕು. ಬದಲಾವಣೆಗೆ ಕಾರಣ ಬರೆಯಬೇಕು. ಬರೆದೆ: ಭಾರತದ ನಿಯಮ ಹಿಡಿದು ತುಂಬಿಸಿದ್ದೆ, ಓದದೆ ಒಪ್ಪಿದೆ.

ಸಹಿ ನನ್ನದು. ವಿಭೂತಿ ಹಚ್ಚಲಿಲ್ಲ.

ಅವ್ವ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರು. ಬಡಿ.

೧೪ ಜುಲೈ, ಕೊಲ್ಲಾಪುರ, ಬೆಳಿಗ್ಗೆ

ಪೋಸ್ಟ್ ಆಫೀಸಿನ ಕಟ್ಟೆ. ಲಕೋಟೆ ಹೋಯಿತು. ರಸೀದಿ ಇಲ್ಲೇ ಪುಟದಲ್ಲಿದೆ.

ನಿನ್ನೆ ಆಯ್ತವಾರ, ಭಾನುವಾರದ ಗಡುವು ಮುಗಿಯಿತು. ಅಭಯನಿಂದ ಸುದ್ದಿಯಿಲ್ಲ. ಈಗಷ್ಟೇ ಕಾಕಾಗೆ ಫೋನ್ ಹಚ್ಚಿದೆ.

"ಕೊಲ್ಲಾಪುರದ ಪೋಸ್ಟ್ ಆಫೀಸಿನ ಮುಂದ ಅದೇನಿ. ಅಭಯಗ ಹೇಳಿದ್ರೇನ್ರಿ?"

"ನಾನೂ ಕೊಲ್ಲಾಪುರದಾಗ ಅದೇನಿ. ಅಲ್ಲೇ ನಿಂದ್ರು, ಬರಾಕತ್ತೇನಿ. ನಾ ಬರೂತನಕಾ ಏನೂ ಮಾಡಬ್ಯಾಡ ನನ್ನವ್ವ."

ನನ್ನವ್ವ ಅಂದರೆ ನಾನು ಕರಗುತ್ತೇನೆ, ಕಾಕಾಗೆ ಗೊತ್ತು. ಕರಗಿದೆ. ಆದರೆ ಅಭಯನಿಗೆ ಏನಾದರೂ ಆದರೆ ಯಾವ ಮುಖ ತೋರಿಸಲಿ? ಬೋರ್ಡು ಮತ್ತೆ ಬರೆಸಬಹುದು. ವೀಸಾ?

ಅಮೆರಿಕದಲ್ಲಿ ಈಗ ರಾತ್ರಿ. ಅಭಯ ನಿದ್ದೆಯಿಂದ ಏಳಲಿ.

ಅಗೋ ಕಾಕಾನ ಸ್ಕೂಟರ್. ರೇನ್‌ಕೋಟ್ ಸಹ ತೆಗೆಯದೆ ಬರುತ್ತಿದ್ದಾರೆ. ಕೈ ಮಾಡುತ್ತಿದ್ದಾರೆ, ಬೇಡ, ಬೇಡ. ಅಭಯನ ನಂಬರ್ ಒತ್ತಿದೆ.

ರಿಂಗ್ ಆಗುತ್ತಿದೆ. ಕಾಕಾ ಎದುರಿಗೇ ನಿಂತರು. ಕೇಳಲಿ ಅಂತ ಸ್ಪೀಕರ್ ಒತ್ತಿದೆ.

ಎತ್ತಿದ—