ನಡುವೆ ನಿಂತ ಬಸ್ಸಿನ ಪದ

ಕಾನಹೊಸಹಳ್ಳಿಯ ಗಿರಣಿ ಬಸವೇಶ್ ಮಾವನವರಿಗೆ,

ಹಗರಿಬೊಮ್ಮನಹಳ್ಳಿಯಿಂದ ನಿಮ್ಮ ಹೆಂಡತಿಯ ತಮ್ಮ ಅರುಣನ ಶರಣು. ಫೋನಿನಲ್ಲಿ ಈ ಮಾತು ತೆಗೆದರೆ ಕಟ್ ಮಾಡುತ್ತೀರಿ, ಅದಕ್ಕೇ ಪತ್ರ.

ನಮ್ಮ ಚಿಕ್ಕಪ್ಪನ ಮಗಳು ಗೀತಾಂಜಲಿಯ ಮದುವೆಯಲ್ಲಿ ಉಂಡು ಜಮಖಾನದ ಮೇಲೆ ಮಲಗಿದ್ದಿರಿ. ನಿಮ್ಮ ಗೊರಕೆ ಗಕ್ಕನೆ ನಿಲ್ಲುತ್ತಿತ್ತು. ನಾವೆಲ್ಲ ಸುತ್ತ ಕೂತು ಬೆರಳು ಮಡಚಿ ಎಣಿಸುತ್ತಿದ್ದೆವು. ಇಪ್ಪತ್ತಕ್ಕೆ ನೀವು ಬೆಚ್ಚಿ ಉಸಿರೆಳೆದು ಮತ್ತೆ ಶುರು. ನಿಮ್ಮ ಗೊರಕೆಯ ಮೇಲೆ ಆಗ ನಾನು ಕಟ್ಟಿದ ಪದ ಇದು:

ಕಾನಹೊಸಹಳ್ಳಿ ಬಿಟ್ಟಿತು ಬಸ್ಸು,
ಗುಡೇಕೋಟಿ ಏರಿಗೆ ಬುಸ್ಸು ಬುಸ್ಸು.
ನಡುವೆ ನಿಂತಿತು, ಇಳೀರಿ ಎಲ್ಲ,
ಡ್ರೈವರ್ ಮಾವಗ ಖಬರೇ ಇಲ್ಲ.

ಕೊಟ್ಟೂರಿನಿಂದ ಹಡಗಲಿವರೆಗೆ ಬೀಗರ ಮನೆಗಳಲ್ಲೆಲ್ಲ ಹಾಡಿದೆ. ನೀವೂ ನಕ್ಕಿರಿ. ಆದರೆ ಆಮೇಲೆ ಯಾರ ಮನೆಯಲ್ಲೂ ಮಲಗಲಿಲ್ಲ. ಗಿರಣಿ ಕಾಯಬೇಕು ಎನ್ನುತ್ತಿದ್ದಿರಿ, ನಾನು ನಂಬಿದೆ.

ಶ್ರಾವಣದ ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದು ಗಿರಣಿಯಲ್ಲೇ ಬಿದ್ದಿರಿ. ನನ್ನಕ್ಕ ಕೊಟ್ರಬಸಮ್ಮ ಫೋನಿನಲ್ಲಿ, "ತಮ್ಮಾ, ಎಚ್ಚರ ತಪ್ಪೈತಿ, ನಿಮ್ಮ ಮಾವಗ ಖಬರ ಇಲ್ಲೋ" ಅಂದಳು. ನನ್ನದೇ ಸಾಲು. ಪ್ರಾಸ ಮಾತ್ರ ಇರಲಿಲ್ಲ.

ಮೆದುಳಿನ ಸುತ್ತ ರಕ್ತ ಸೋರಿತ್ತು. ಬದುಕಿದಿರಿ. ಬಿಡುಗಡೆಯ ದಿನ ಡಾಕ್ಟರು ಗೊರಕೆಯ ಬಗ್ಗೆ ಕೇಳಿದರು, ನಡುವೆ ಉಸಿರು ನಿಲ್ಲುತ್ತಿತ್ತೇ ಎಂದು. ಇಪ್ಪತ್ತು ಎಣಿಸುವಷ್ಟು ಎಂದು ನಾನೇ ಹೇಳಿದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಹಾಗೆ ನಿಂತು ನಿಂತು ಬರುವ ಉಸಿರು ಬಿಪಿ ಏರಿಸುತ್ತದಂತೆ, ಇಂಥ ಸೋರಿಕೆಗೂ ಅದಕ್ಕೂ ನಂಟಿದೆಯಂತೆ. "ಅದರಿಂದಲೇ ಆತು ಅಂತ ಹೇಳಾಕ ಬರಂಗಿಲ್ರಿ. ಆದ್ರ ಹಂಗ ಬಿಡಾಕೂ ಬರಂಗಿಲ್ಲ" ಎಂದರು.

ನಿದ್ದೆಯ ಪರೀಕ್ಷೆ ಆಯಿತು, ಉದ್ದ ಕೊಳವೆಯಿಂದ ಮೂಗಿಗೆ ಗಾಳಿ ಊದುವ ಮಷಿನ್ನು ಬಂತು. ನಾನು ಬರುತ್ತೇನೆಂದು ತಿಳಿದ ಕೂಡಲೇ ಅದು ಮಂಚದ ಕೆಳಗೆ ಹೋಯಿತಂತೆ. ಮೂರು ವಾರವಾಯಿತು, ಇನ್ನೂ ಅಲ್ಲೇ ಇದೆಯಂತೆ. "ಆ ಸೊಂಡಿಲು ಕಂಡ್ರ ನಿನ್ನ ತಮ್ಮ ಗಣಪತಿ ಪದ ಕಟ್ತಾನ" ಎಂದು ಅಕ್ಕನಿಗೆ ಅಂದಿರಂತೆ.

ಸುಳ್ಳು ಹೇಳುವುದಿಲ್ಲ, ಎರಡು ಸಾಲು ಹೊಳೆದಿದ್ದವು. ಬರೆಯಲಿಲ್ಲ. ಬಸ್ಸಿನ ಪದವನ್ನೂ ಇನ್ನು ಹಾಡುವುದಿಲ್ಲ. ಬಸ್ಸು ನಿಂತಾಗ ಎಣಿಸುತ್ತಾ ಕೂತವನು ನಾನು. ಎಬ್ಬಿಸಬಹುದಿತ್ತು.

ಭಾನುವಾರ ಉಣ್ಣಲು ಬರುತ್ತೇನೆ. ಉಂಡ ಮೇಲೆ ನನ್ನೆದುರಿಗೇ ಅದನ್ನು ಹಾಕಿಕೊಂಡು ಮಲಗಿ. ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ, ಬೆರಳು ಮಡಚದೆ.

ನಿಮ್ಮ ಉಸಿರು ಎಲ್ಲೂ ನಿಲ್ಲದೆ ಊರು ಮುಟ್ಟಲಿ.

ನಿಮ್ಮ
ಅರುಣಕುಮಾರ್